ಜಗಲಿಯಲ್ಲಿ ತೂಗುಹಾಕಿದ ಪಟ್ಟಿ

“ತಪಾಸಣೆಯಲ್ಲಿ ಒಂದು ದೋಷವೂ ಕಾಣಲಿಲ್ಲವೆಂದರೆ, ಜನರ ಗುಟ್ಟು ನಮ್ಮಲ್ಲಿ ಭದ್ರವಾಗಿದೆ ಎಂದೇ ಅಲ್ಲವೇ, ಗುರುಗಳೇ?” ಎಂದು ನಿಜಗುಣ ಕೇಳಿದ.

ಮಠದ ಆಸ್ಪತ್ರೆಯಲ್ಲಿ ರೋಗಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಕಾಪಾಡುವ ಕೆಲಸ ಅವನದು. ತಪಾಸಣೆಗೆ ಬಂದವರು ಮೂರು ದಿನ ಕುಳಿತು, ಪಾಸ್‌ವರ್ಡುಗಳಿಂದ ಹಿಡಿದು ಕಡತಗಳವರೆಗೆ ಎಲ್ಲವನ್ನೂ ನೋಡಿ, ಸರಿಯಿದೆ ಎಂದು ಬರೆದುಕೊಟ್ಟು ಹೋಗಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ನಾಟಿ ಮದ್ದು ಕೊಡುವ ಒಬ್ಬ ಪಂಡಿತನಿದ್ದ. ಬಂದವರ ಹೆಸರು, ಕಾಯಿಲೆ, ಕೊಟ್ಟ ಮದ್ದು ಎಲ್ಲವನ್ನೂ ಚೀಟಿಗಳಲ್ಲಿ ಬರೆದು ತೇಗದ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಪೆಟ್ಟಿಗೆಗೆ ಎರಡು ಬೀಗ. ಬೀಗದ ಕೈ ಹೆಂಡತಿಗೂ ಸಿಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಊರಿನ ಹಿರಿಯರು ಕಳಿಸಿದ ಪರೀಕ್ಷಕ ಬರುತ್ತಿದ್ದ. ಒಂದು ವರ್ಷ ಅವನು ಬೀಗಗಳನ್ನು ಎಳೆದು ನೋಡಿ, “ಯಾರ ಚೀಟಿ, ಯಾವ ಕಾಯಿಲೆಗೆ, ಯಾವ ದಿನ ತೆಗೆದಿರಿ ಎಂಬ ಪಟ್ಟಿ ಎಲ್ಲಿ?” ಎಂದ. ಪಟ್ಟಿ ಇರಲಿಲ್ಲ. ನಾಲ್ಕು ಜನರ ಎದುರಿಗೆ ಪಂಡಿತನ ಮುಖ ಸಣ್ಣದಾಯಿತು.

ಅಂದಿನಿಂದ ಪೆಟ್ಟಿಗೆ ತೆರೆದಾಗಲೆಲ್ಲ ಅವನು ಪಟ್ಟಿ ಬರೆದ. ಮತ್ತೆ ಮಾತು ಕೇಳಬಾರದೆಂದು, ಒಳಗೆ ಬರುವ ಪರೀಕ್ಷಕನ ಕಣ್ಣಿಗೆ ಮೊದಲು ಬೀಳುವಂತೆ ಅದನ್ನು ಜಗಲಿಯ ಮೊಳೆಗೆ ತೂಗುಹಾಕಿದ.

ಆ ಊರಿನ ಛತ್ರದಲ್ಲಿ ಅಡುಗೆ ಮಾಡಿಕೊಂಡಿದ್ದ ಒಬ್ಬ ಹೆಂಗಸಿಗೆ ಬೆನ್ನಿನ ಮೇಲೆ ತೊನ್ನು ಇತ್ತು. ಅದು ಅಂಟುವ ರೋಗವಲ್ಲ. ಆದರೂ ಗೊತ್ತಾದರೆ ತನ್ನ ಕೈಯಡುಗೆಯನ್ನು ಯಾರೂ ಉಣ್ಣುವುದಿಲ್ಲವೆಂದು ಅವಳು ಪಂಡಿತನೊಬ್ಬನಿಗೇ ಹೇಳಿಕೊಂಡಿದ್ದಳು. ಆ ಮಾತು ಅವನ ಬಾಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ.

ಒಂದು ದಿನ ಛತ್ರದ ಯಜಮಾನ ಕೆಮ್ಮಿಗೆ ಮದ್ದು ಕೇಳಲು ಬಂದ. ಪಂಡಿತ ಒಳಗೆ ಕಷಾಯ ಕಾಯಿಸುತ್ತಿದ್ದ. ಯಜಮಾನ ಹೊತ್ತು ಕಳೆಯಲು ಮೊಳೆಯ ಮೇಲಿನ ಪಟ್ಟಿಯನ್ನು ಓದಿದ. ‘ಛತ್ರದ ಅಡುಗೆಯಾಕೆ, ತೊನ್ನಿನ ಲೇಪ, ನಾಲ್ಕನೆಯ ಸಲ.’ ಕಷಾಯ ಬರುವ ಮೊದಲೇ ಅವನು ಎದ್ದು ಹೋದ.

ಮರುದಿನ ಆ ಹೆಂಗಸು ಬಂದು ಕೇಳಿದಳು, “ಪೆಟ್ಟಿಗೆ ಒಡೆದವರು ಯಾರು, ಪಂಡಿತರೇ?”

“ಯಾರೂ ಒಡೆದಿಲ್ಲ ತಾಯಿ. ಎರಡು ಬೀಗವೂ ಹಾಕಿದ ಹಾಗೇ ಇವೆ, ಬೇಕಾದರೆ ಬಂದು ನೋಡು.”

“ನೋಡೋಣ, ಅದಕ್ಕೇನು? ಇನ್ನು ನನಗೆ ಬೇಕಾದಷ್ಟು ಬಿಡುವಿದೆ. ಛತ್ರದ ಒಲೆ ಬೆಳಿಗ್ಗೆಯೇ ಬೇರೆಯವರ ಪಾಲಾಯಿತು.”

ಹೊರಟ ಅವಳ ಹಿಂದೆ ಪಂಡಿತ ಜಗಲಿಗೆ ಬಂದ. ಮೊಳೆಯನ್ನು ನೋಡಿದ ಮೇಲೆ ಅವನಿಗೆ ಅರ್ಥವಾಯಿತು. ಪಟ್ಟಿಯನ್ನು ಇಳಿಸಲು ಕೈ ಚಾಚಿದ. ಆದರೆ ಪರೀಕ್ಷಕ ಬರಲು ಎರಡೇ ದಿನ ಉಳಿದಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಪರೀಕ್ಷಕ ಬಂದ. ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, “ಒಂದು ಸಾಲನ್ನೂ ಬಿಟ್ಟಿಲ್ಲ, ಹುಡುಕುವ ಕಷ್ಟವನ್ನೂ ತಪ್ಪಿಸಿದ್ದೀರಿ. ಊರಿಗೇ ಮಾದರಿ” ಎಂದು ಹೊಗಳಿ ಹೋದ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನಿಗೆ ಕುತೂಹಲ ತಡೆಯಲಾಗಲಿಲ್ಲ.

“ಆಮೇಲೆ, ಗುರುಗಳೇ? ಮುಂದಿನ ವರ್ಷ ಪರೀಕ್ಷಕ ನಿಯಮವನ್ನು ತಿದ್ದಿದನೇ? ಪಂಡಿತ ಆ ಪಟ್ಟಿಯನ್ನು ಎಲ್ಲಿಟ್ಟ?”

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು, “ಪಟ್ಟಿ ಎಲ್ಲಿ ಹೋಯಿತೆಂದು ಕೇಳಿದೆ ಮಗು, ಆ ಹೆಂಗಸು ಎಲ್ಲಿ ಹೋದಳೆಂದು ಕೇಳಲಿಲ್ಲ.”