ಹಾವು ಒಂಬತ್ತನೆಯ ಪಾಠ

ಕೆರೆಯ ಹೈಸ್ಕೂಲಿನ ಮೇಷ್ಟ್ರು ಒಂದು ಮುದಿ ಕಪ್ಪೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರು ಕಂಡುಕೊಂಡ ಶಿಕ್ಷಣತತ್ವ ಇಷ್ಟೇ: ಪಾಠದ ಕೊನೆಗೆ ಮೇಷ್ಟ್ರು "ಅರ್ಥವಾಯ್ತಾ?" ಎನ್ನಬೇಕು, ಮಕ್ಕಳು "ಆಯ್ತು ಸಾರ್" ಎನ್ನಬೇಕು. ಅಲ್ಲಿಗೆ ವಿದ್ಯೆ ಬಂದ ಹಾಗೆ.

ಅಂದು ಮೂರನೆಯ ಪಾಠವಾದ 'ನೊಣ'ವನ್ನು ಮುಗಿಸಿ ಎಂದಿನಂತೆ ಕೇಳಿದರು. ಒಂದು ಮರಿ ಮಾತ್ರ, "ಇಲ್ಲ ಸಾರ್. ನೊಣವನ್ನು ಹಿಡಿಯೋದು ಹೇಗೆ ಅಂತ ನೀವು ಹೇಳಲೇ ಇಲ್ಲ," ಎಂದಿತು.

"ಅಧಿಕಪ್ರಸಂಗ. ಹೊರಗೆ ನಿಂತ್ಕೋ."

ಮರಿ ಹೊರಗೆ ಹೋಗಿ ನಿಂತಿತು. ಸ್ವಲ್ಪ ಹೊತ್ತಿಗೇ ಅಲ್ಲಿಂದ ಕೂಗಿತು: "ಸಾರ್, ಹಾವು ಬರ್ತಾ ಇದೆ."

"ಹಾವು ಒಂಬತ್ತನೆಯ ಪಾಠ. ನಾವಿನ್ನೂ ಮೂರರಲ್ಲಿದ್ದೇವೆ," ಎಂದರು ಮೇಷ್ಟ್ರು. "ಪೋರ್ಷನ್ ಆಗದೇ ಇರೋದನ್ನೆಲ್ಲ ಮಧ್ಯೆ ತರಬೇಡ."

ಮರಿ ನೀರಿಗೆ ಹಾರಿ ತಪ್ಪಿಸಿಕೊಂಡಿತು. ಹಾವು ತರಗತಿಯೊಳಗೆ ಬಂದು ಮೊದಲು ಮೇಷ್ಟ್ರನ್ನೇ ನುಂಗಿತು. ಆಮೇಲೆ ಸಾಲಾಗಿ ಕುಳಿತಿದ್ದ ಮರಿಗಳತ್ತ ತಿರುಗಿತು. ಅಷ್ಟರಲ್ಲಿ ಅದರ ಹೊಟ್ಟೆಯೊಳಗಿಂದ ಅಭ್ಯಾಸಬಲದ ದನಿಯೊಂದು ಕೇಳಿಸಿತು: "ಅರ್ಥವಾಯ್ತಾ?"

"ಆಯ್ತು ಸಾರ್," ಎಂದವು ಮರಿಗಳು, ಕೂತಲ್ಲಿಂದ ಕದಲದೆ.

ಇಷ್ಟು ಶಿಸ್ತಿನ ಶಾಲೆಯನ್ನು ಹಾವು ಹಿಂದೆಂದೂ ಕಂಡಿರಲಿಲ್ಲ.