ಹನ್ನೆರಡು ಪುಟದ ಭಾಷಣ

ವಿಶ್ವವಿದ್ಯಾಲಯದಲ್ಲಿ ಪರಿಸರ ಸಂಶೋಧನಾ ದಿನ. ಊರವರಿಗೆಲ್ಲ ಆಹ್ವಾನ ಹೋಗಿತ್ತು. ಕಾರ್ಯಕ್ರಮ ಆವರಣದ ಕೆರೆಯ ದಂಡೆಯಲ್ಲೇ. ಕುಲಪತಿಗಳು ಆ ಕೆರೆ ಕಾಯುವವನನ್ನು ಕರೆದು ಗುಡುಗಿದರು: "ನನ್ನ ಭಾಷಣದ ಹೊತ್ತಿಗೆ ಕೆರೆ ತುಂಬ ಹಕ್ಕಿ ಇರಬೇಕು. ಇಲ್ಲದಿದ್ರೆ ನಾಳೆಯಿಂದ ಬರಬೇಡ."

"ಆಗಲಿ ಸಾರ್. ಆದ್ರೆ ಅವು ಬಂದು ಕೂರೋವರೆಗೂ ಯಾರೂ ಉಸಿರೆತ್ತಬಾರದು. ತಾವೂ ಸೇರಿ."

ಜನ ದಂಡೆಯ ಮೇಲೆ ಸುಮ್ಮನೆ ಕೂತರು. ಕಾಲು ಗಂಟೆ ಕಳೆಯಿತು. ಒಂದು ಬೆಳ್ಳಕ್ಕಿ ಇಳಿಯಿತು. ಅದರ ಹಿಂದೆ ನೂರು, ಆಮೇಲೆ ಸಾವಿರ. ನೀರೇ ಕಾಣದಾಯಿತು. ಅಜ್ಜಿಯೊಬ್ಬರು ಕೈ ಮುಗಿದುಬಿಟ್ಟರು. ಮೈಕಿನ ಮುಂದೆ ನಿಂತಿದ್ದ ಕುಲಪತಿಗಳು ತೆರೆದ ಬಾಯಿ ಮುಚ್ಚಲಿಲ್ಲ.

"ಹೇಗಯ್ಯಾ ಕರೆಸಿದೆ?" ಎಂದು ಪಿಸುಗುಟ್ಟಿದರು.

"ನಾನೇನೂ ಕರೆಸಿಲ್ಲ ಸಾರ್. ದಿನಾ ಬರ್ತಾವೆ. ವರ್ಷಾವರ್ಷ ಈ ದಿನ ಮಾತ್ರ ಮೈಕಿಗೆ ಹೆದರಿ ಹಾರಿಹೋಗ್ತಾವೆ. ಭಾಷಣ ಶುರು ಮಾಡ್ತೀರಾ?"

ಕುಲಪತಿಗಳು ಭಾಷಣದ ಹನ್ನೆರಡು ಪುಟಗಳನ್ನೂ ಸದ್ದಾಗದಂತೆ ನೆಲಕ್ಕೆ ಹಾಸಿ, ಅವುಗಳ ಮೇಲೆ ಕೂತರು.