ಎಮ್ಮೆಗಳು ಬಾರದ ಉದ್ಯಾನ

ಕಾಡಿನ ಉದ್ಯಾನಕ್ಕೆ ಜಿಂಕೆಯೇ ಕಾರ್ಯದರ್ಶಿ. ಅಲ್ಲೊಂದು ಚಂದದ ಕೊಳವಿತ್ತು ನೋಡಿ, ಅದನ್ನು ಮುಚ್ಚಿ ಓಟದ ಹಾದಿ ಮಾಡಬೇಕೆಂದು ಜಿಂಕೆಯ ಹಂಬಲ. ಒಂದು ಮಾತು ಹೇಳಿಬಿಡೋಣವೆಂದು ಎಮ್ಮೆಯ ಬಳಿಗೆ ಹೋಯಿತು.

"ಎಮ್ಮಕ್ಕ, ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ. ಆದರೂ ನಿಮ್ಮವರು ಒಬ್ಬರೂ ಬರುವುದಿಲ್ಲ. ನಿಮ್ಮ ಕುಲಕ್ಕೆ ವಿಹಾರದ ರುಚಿಯೇ ಇಲ್ಲ ಬಿಡಿ. ನಾಳೆ ಕೊಳ ಮುಚ್ಚಿಸುತ್ತೇವೆ."

ತನ್ನ ಕರುಗಳು ಎಂದಾದರೂ ಆ ಕೊಳದಲ್ಲಿ ಹೊರಳಾಡಲೆಂದು ಎಮ್ಮೆ ಎಷ್ಟೋ ದಿನದಿಂದ ಕಾದಿತ್ತು. "ಈಗಲೇ ಬರುತ್ತೇವೆ ಸ್ವಾಮಿ, ನೀವೂ ಜೊತೆಗೆ ಬನ್ನಿ," ಎಂದು ಅತ್ತೆ, ನಾದಿನಿ, ಕರುಗಳನ್ನೆಲ್ಲ ಕರೆದುಕೊಂಡು ಹೊರಟೇಬಿಟ್ಟಿತು.

ಬಾಗಿಲಲ್ಲಿ ಕಾವಲಿನ ಕೋತಿ ಕೂಗಿತು: "ಏನ್ರೀ ಇದು, ಮದುವೆ ದಿಬ್ಬಣವೇ? ಗುಂಪು ಕೂಡದು! ಮೆಲುಕು ಹಾಕಕೂಡದು, ನೀರಿಗಿಳಿಯಕೂಡದು, ಕೂರಲೂ ಕೂಡದು. ನಡೆಯುತ್ತಲೇ ಇರಬೇಕು!"

"ಕೇಳಿದಿರಾ ಸ್ವಾಮಿ? ಎಲ್ಲರೂ ನೀರಲ್ಲಿ ಕೂತು ಮೆಲುಕು ಹಾಕುವುದೇ ನಮ್ಮ ವಿಹಾರ. ಪ್ರತಿ ಬೇಸಿಗೆಯೂ ಬಂದಿದ್ದೇವೆ, ಇಲ್ಲಿಂದಲೇ ಹಿಂದಿರುಗಿದ್ದೇವೆ."

ಆ ನಿಯಮಗಳನ್ನು ಮಾಡಿದ್ದು ಜಿಂಕೆಯೇ. ಅದು ಕೋತಿಯನ್ನು ಪಕ್ಕಕ್ಕೆ ಸರಿಸಿತು. ಎಮ್ಮೆಗಳು ಕೊಳಕ್ಕಿಳಿದು, ಕತ್ತಷ್ಟೇ ಮೇಲಿಟ್ಟು, ನೆಂಟರಿಷ್ಟರ ಸುದ್ದಿಯೆಲ್ಲ ಮಾತಾಡಿದವು. ದಡದಲ್ಲಿ ಒಂದು ಸುತ್ತು ಓಡಿಬಂದ ಜಿಂಕೆ ಏದುಸಿರು ಬಿಡುತ್ತ ನಿಂತಿತು.

"ಸ್ವಲ್ಪ ಸರಿಯುತ್ತೀರಾ ಅಕ್ಕ? ನಾನೂ ಕೂರುತ್ತೇನೆ."